ಗಾಳಿಯ ದುಡ್ಡೆಲ್ಲ ಧೂಳು ಗುಡಿಸೋಕೇ ಯಾಕೆ ಹೋಗುತ್ತದೆ?

ರೊಟ್ಟಿ ಅಂಗಡಿ ಅಕ್ಕ (ಸೊಲ್ಲಾಪುರ):
ವಿಜಾಪುರ ರೋಡಿನಲ್ಲಿ ನನ್ನದೊಂದು ಚಿಕ್ಕ ಅಂಗಡಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾರುತ್ತೇನೆ. ಬೆಳಿಗ್ಗೆ ಒರೆಸಿದ ಬರಣಿಯ ಮುಚ್ಚಳದ ಮೇಲೆ ಮಧ್ಯಾಹ್ನಕ್ಕೆ ಬೆರಳಿನಿಂದ ಹೆಸರು ಬರೆಯಬಹುದು, ಅಷ್ಟು ಧೂಳು. ಮೊನ್ನೆ ರಸ್ತೆ ಗುಡಿಸುವ ಗಾಡಿ ಬಂತು. ನೀರು ಖಾಲಿಯಾಗಿತ್ತೋ ಏನೋ, ಮಲಗಿದ್ದ ಧೂಳೆಲ್ಲ ಎದ್ದು ರೊಟ್ಟಿ ಮೇಲೆ ಕೂತಿತು. ನಲವತ್ತು ರೊಟ್ಟಿ ದನಕ್ಕೆ ಹಾಕಿದೆ. ಯಾರ ಗಾಡಿ ಅಂತ ಹೆಸರು ಹೇಳಿ ಜಗಳ ಬೇಡ.

ನನ್ನ ಪ್ರಶ್ನೆ ಬೇರೆ. ಇಂಥ ಗಾಡಿಗಳಿಗೆ ದಿಲ್ಲಿಯಿಂದ ಗಾಳಿ ಸ್ವಚ್ಛ ಮಾಡುವ ದುಡ್ಡು ಬರುತ್ತದಂತೆ. ಅದರಲ್ಲೇ ನಾಲ್ಕು ಬಸ್ಸು ತರಬಾರದಾ? ಮಗಳು ದಿನಾ ಶೇರ್ ಆಟೊದಲ್ಲಿ ಹೊಗೆ ಕುಡಿದುಕೊಂಡು ಕಾಲೇಜಿಗೆ ಹೋಗಿಬರುತ್ತಾಳೆ.

ಹಳೇ ಗುಮಾಸ್ತ:
ಅಕ್ಕಾರ, ಅದು 2019ರಲ್ಲಿ ಶುರುವಾದ ಎನ್‌ಕ್ಯಾಪ್, ಅಂದರೆ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ದುಡ್ಡು. ದೇಶದ ಸುಮಾರು 130 ಊರುಗಳ ಪಟ್ಟಿಯಲ್ಲಿ ಸೊಲ್ಲಾಪುರ, ಸಾಂಗ್ಲಿ, ಕೊಲ್ಲಾಪುರ ಮೂರೂ ಇವೆ. ಹತ್ತು ಲಕ್ಷ ಜನ ದಾಟಿದ ಊರುಗಳಿಗೆ ಕೇಂದ್ರದ ದುಡ್ಡು ಹಂಚಿಕೆ ಹೇಳುವ 15ನೇ ಹಣಕಾಸು ಆಯೋಗದ ಲೆಕ್ಕದಲ್ಲಿ, 2026ರ ಮಾರ್ಚ್‌ವರೆಗೆ ಅಂತ ಇಟ್ಟದ್ದು. 2011ರ ಗಣತಿಯಲ್ಲಿ ನಾವು ಒಂಬತ್ತೂವರೆ ಲಕ್ಷ, ಹಾಗಾಗಿ ನಮಗೆ ಪರಿಸರ ಸಚಿವಾಲಯದ ಕಡೆಯಿಂದ.

ಈಗ ಮುಖ್ಯ ಮಾತು. ಊರಿಗೆ ಮಾರ್ಕ್ಸ್ ಕೊಡುವುದು ಪಿಎಂ10 ನೋಡಿ, ಅಂದರೆ ದಪ್ಪ ಧೂಳು. ವರ್ಷದ ಸರಾಸರಿ ಒಂದು ಘನ ಮೀಟರ್ ಗಾಳಿಯಲ್ಲಿ 60 ಮೈಕ್ರೊಗ್ರಾಂ ದಾಟಬಾರದು. ರಸ್ತೆ ಗುಡಿಸಿದರೆ ಈ ಅಂಕಿ ಬೇಗ ಇಳಿಯುತ್ತದೆ. ಮಗಳು ಕುಡಿಯುವ ಹೊಗೆಯಲ್ಲಿರುವುದು ಸಣ್ಣ ಕಣ, ಪಿಎಂ2.5. ಅದಕ್ಕೂ 40ರ ಮಿತಿ ಇದೆ, ಮಾರ್ಕ್ಸ್ ಮಾತ್ರ ಇಲ್ಲ! 2024ರಲ್ಲಿ ಪರಿಸರದ ಅಧ್ಯಯನ ಮಾಡುವ ದಿಲ್ಲಿಯ ಸಿಎಸ್‌ಇ ಸಂಸ್ಥೆ ಲೆಕ್ಕ ತೆಗೆದಾಗ 10,566 ಕೋಟಿಯಲ್ಲಿ ನೂರಕ್ಕೆ 64 ಪಾಲು ಧೂಳಿಗೇ ಹೋಗಿತ್ತು. ವಾಹನದ ಹೊಗೆಗೆ 13 ಪಾಲೂ ಇಲ್ಲ.

ಬಸ್ಸಿನದು ಬೇರೆ ಕಪಾಟು. 2023ರ ಪಿಎಂ ಇ-ಬಸ್ ಸೇವಾ ಅನ್ನುವ ಎಲೆಕ್ಟ್ರಿಕ್ ಬಸ್ಸಿನ ಯೋಜನೆ, ಅದು ಕೇಂದ್ರದ ನಗರಾಭಿವೃದ್ಧಿ ಸಚಿವಾಲಯದವರದು. ಒಂದು ಕಪಾಟಿನ ಕೀಲಿಕೈ ಇನ್ನೊಂದಕ್ಕೆ ಹತ್ತುವುದಿಲ್ಲ.

ಅಕ್ಕಲಕೋಟೆ ಹುಡುಗ, ಈಗ ಅಮೆರಿಕದ ಅಟ್ಲಾಂಟ:
ಇಲ್ಲಿ ಎರಡೂ ಕಪಾಟಿಗೆ ಒಂದೇ ಸರಪಳಿ ಬಿಗಿದಿದ್ದಾರೆ ಕಾಕಾ. ಗಾಳಿ ಕೆಟ್ಟ ಪ್ರದೇಶದವರು ಮುಂದಿನ ಇಪ್ಪತ್ತು ವರ್ಷದ ರಸ್ತೆ ಯೋಜನೆ ಮಾಡುವಾಗ ಅದರಿಂದ ಎಷ್ಟು ಹೊಗೆ ಬರುತ್ತದೆ ಅಂತ ಮೊದಲೇ ಲೆಕ್ಕ ತೋರಿಸಬೇಕು. ಮಿತಿಗೆ ಹೊಂದದಿದ್ದರೆ ಹೊಸ ರಸ್ತೆಗೆ ಕೇಂದ್ರದ ದುಡ್ಡು ನಿಲ್ಲುತ್ತದೆ. 1990ರಲ್ಲಿ ಇಲ್ಲಿನ ಶುದ್ಧ ಗಾಳಿ ಕಾಯ್ದೆ ಬಿಗಿ ಮಾಡಿದರು. 1998ರಲ್ಲಿ ಇದೇ ಅಟ್ಲಾಂಟಕ್ಕೆ ಆ ಬಿಸಿ ಮುಟ್ಟಿತು. ಮರುವರ್ಷವೇ ರಾಜ್ಯದವರು ಇಡೀ ಪ್ರದೇಶಕ್ಕೊಂದು ಸಾರಿಗೆ ಪ್ರಾಧಿಕಾರ ಕಟ್ಟಿದರು, ಮುಂದೆ ಅದು ಬಸ್ಸೂ ಓಡಿಸಿತು. ಬಸ್ಸು, ಸೈಕಲ್ ದಾರಿ, ಸಿಗ್ನಲ್ ಸುಧಾರಣೆಗೆ 1991ರಿಂದ ಬೇರೆ ನಿಧಿಯೇ ಇದೆ. ಸುಮ್ನೆ ಹೊಗಳುತ್ತಿಲ್ಲ, ಟ್ರಾಫಿಕ್‌ನಲ್ಲಿ ಕೂತೇ ಇದನ್ನು ಓದಿದ್ದೆ, ಮನೆಗೆ ಬಂದು ಬರೆಯುತ್ತಿದ್ದೇನೆ.

ಲಾರಿ ಮಾಮಾ:
ನಾನು ಹೇಳೋದು ಇಷ್ಟೇ. ಎದುರಿನ ಗಾಡಿಗೆ ದಾರಿ ಬಿಡಲು ಟೈರು ಡಾಂಬರಿನಿಂದ ಕೆಳಗಿಳಿಯುತ್ತದಲ್ಲ, ಆ ಮಣ್ಣಿನ ಅಂಚೇ ಧೂಳಿನ ತವರು. ಅಲ್ಲಿ ಕಲ್ಲು ಹಾಸಿದರೆ ತಂಗಿಯ ಬರಣಿ ಅರ್ಧ ಬಚಾವ್.

ರೊಟ್ಟಿ ಅಂಗಡಿ ಅಕ್ಕ:
ಅಣ್ಣಾರ, ಆ 60 ಮೈಕ್ರೊಗ್ರಾಂ ಅಂದರೆ ಎಷ್ಟು? ನನ್ನ ತಕ್ಕಡಿಗೆ ಬರುತ್ತದಾ?

ಹಳೇ ಗುಮಾಸ್ತ:
ಚಟ್ನಿಗೆ ಹಾಕುವ ಪುಡಿ ಉಪ್ಪಿನ ಒಂದೇ ಒಂದು ಹರಳು. ಹೆಚ್ಚುಕಮ್ಮಿ ಅಷ್ಟು ತೂಕ.

ರೊಟ್ಟಿ ಅಂಗಡಿ ಅಕ್ಕ:
ಅಯ್ಯ, ನಮ್ಮ ಬರಣಿ ಮೇಲೆ ಚಮಚಗಟ್ಟಲೆ ಇದೆಯಲ್ರೀ! ಸೋಮವಾರ ನಮ್ಮ ನಗರಸೇವಕರ ಮನೆಯಿಂದ ರೊಟ್ಟಿಗೆ ಬರುತ್ತಾರೆ. ಬಸ್ಸಿನ ಕಪಾಟಿನ ಕೀಲಿ ಯಾರ ಹತ್ತಿರ ಅಂತ ಕೇಳಿ, ಆಮೇಲೇ ಚಟ್ನಿ ಕಟ್ಟಿಕೊಡುತ್ತೇನೆ.