ದೀಪಾವಳಿಗೆ ಅಡವಿ ಹೂ ಕಿತ್ರೆ ನಿಜಕ್ಕೂ ಕೇಸ್ ಆಗುತ್ತಾ?

ಮಂಡಕ್ಕಿ_ಮಿರ್ಚಿ (ದಾವಣಗೆರೆ):
ನಮ್ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಚಿಕ್ಕಪ್ಪ ಒಂದು ಮೆಸೇಜ್ ಹಾಕ್ಯಾರೆ, ಕಾಡು ಹೂ ಒಂದೇ ಒಂದ್ ಕಿತ್ರೂ 7 ವರ್ಷ ಜೈಲು, 1981ರ ಕಾಯ್ದೆ ಅಂತ. ಅವ್ವ ಅದನ್ನ ಓದಿ ಗಾಬರಿಯಾಗಿ ಕೂತಾಳೆ. ಯಾಕಂದ್ರೆ ನಾವು ವರ್ಷಾ ವರ್ಷಾ ಹಟ್ಟಿ ಲಕ್ಕವ್ವನ್ನ ಇಡ್ತೀವಿ, ಸಗಣಿ ಉಂಡೆಗೆ ತಂಗಡಿ ಹೂ ಅಣ್ಣೆ ಹೂ ಉತ್ರಾಣಿ ಕಡ್ಡಿ ಚುಚ್ಲೇಬೇಕು, ಅದೆಲ್ಲ ಪೇಟೆಲಿ ಸಿಗಲ್ಲ, ಜಗಳೂರ್ ಕಡೆ ಅಜ್ಜಿ ಊರಿಗೆ ಹೋಗಿ ಕಿತ್ಕೊಂಡ್ ಬರೋದು. ಆ ಕಡೆ ರಂಗಯ್ಯನದುರ್ಗದ ಕೊಂಡುಕುರಿ ವನ್ಯಜೀವಿ ಧಾಮ ಬೇರೆ ಐತೆ. ಹಬ್ಬಕ್ಕೆ ಇನ್ನ ನಾಕೇ ದಿನ, ಗೊತ್ತಿದ್ದೋರು ಹೇಳ್ರಪ್ಪ.

ಕರಿಕೋಟು:
ಮೊದ್ಲು ಅವ್ವಂಗೆ ಒಂದ್ ಲೋಟ ಚಾ ಮಾಡ್ಕೊಡಿ. ಆ 1981ರ ಕಾಯ್ದೆ ನಮ್ದೇ ಅಲ್ಲ, ಇಂಗ್ಲೆಂಡಿಂದು! ಅಲ್ಲೂ ಅದು ಹಂಗಿಲ್ಲ, ಜಾಗದೋರನ್ನ ಕೇಳ್ದೆ ಬೇರು ಸಮೇತ ಕೀಳಂಗಿಲ್ಲ ಅಂತೈತೆ ಅಷ್ಟೇ, ಪಟ್ಟಿಲಿರೋ ಅಪರೂಪದ ಗಿಡ ಆದ್ರೆ ಮಾತ್ರ ಹೂವನ್ನೂ ಮುಟ್ಟಂಗಿಲ್ಲ.

ನಮ್ಮಲ್ಲಿರೋದು 1972ರ ವನ್ಯಜೀವಿ ಕಾಯ್ದೆ, ಜೊತೆಗೆ 1963ರ ಕರ್ನಾಟಕ ಅರಣ್ಯ ಕಾಯ್ದೆ. ಇಲ್ಲಿ ಯಾವ ಹೂ ಅನ್ನೋದಕ್ಕಿಂತ ಎಲ್ಲಿರೋ ಹೂ ಅನ್ನೋದೇ ಮುಖ್ಯ. ಅಜ್ಜಿ ಹೊಲದ ಬದಿನ ತಂಗಡಿ ಕಿತ್ರೆ ಯಾರೂ ಕೇಳಲ್ಲ, ಅಣ್ಣೆ ಅಂತೂ ಹೊಲದ ಕಳೆ, ಕಿತ್ರೆ ಅಜ್ಜಿನೇ ಖುಷಿ ಪಡ್ತಾಳೆ. ಅದೇ ತಂಗಡಿ ಧಾಮದ ಗಡಿ ಒಳಗಿದ್ರೆ ಪರ್ಮಿಷನ್ ಇಲ್ದೆ ತರಂಗಿಲ್ಲ, ಹೂವೂ ಅರಣ್ಯ ಉತ್ಪನ್ನನೇ, ದೇವರಿಗೆ ಅಂದ್ರೂ ಅಷ್ಟೇ. ಶಿಕ್ಷೆ 3 ವರ್ಷದವರೆಗೆ ಜೈಲು ಇಲ್ಲಾಂದ್ರೆ 1 ಲಕ್ಷದವರೆಗೆ ದಂಡ, ಎರಡೂ ಹಾಕಬಹುದು. 7 ವರ್ಷ ಅನ್ನೋದು ಬೇಟೆಯಂಥ ದೊಡ್ಡ ಕೇಸಿಗೆ. ಇನ್ನ ನೀಲಕುರಿಂಜಿ ಥರ ಪಟ್ಟಿಲಿರೋ ಗಿಡ ಆದ್ರೆ ಯಾವ ಕಾಡಲ್ಲಿದ್ರೂ ಕೀಳಂಗಿಲ್ಲ, 2022ರ ತಿದ್ದುಪಡಿಲಿ ಅದೂ ಸೇರ್ಕೊಂಡೈತೆ.

ತಾಂಡಾ_ಹುಡುಗಿ:
ನಮ್ ತಾಂಡಾದಲ್ಲಿ ಹಬ್ಬದ ಬೆಳಿಗ್ಗೆ ಮದುವೆ ಆಗದ ಹುಡುಗೇರೆಲ್ಲ ಬುಟ್ಟಿ ಹಿಡ್ಕೊಂಡು ಹಾಡ್ತಾ ಹೂ ತರಕ್ಕೆ ಹೋಗ್ತೀವಿ, ನಮ್ಮಮ್ಮನೂ ಹೋಗಿದ್ಲು ಅವರಮ್ಮನೂ ಹೋಗಿದ್ಲು. ರೆಂಬೆ ಮುರಿದ್ರೆ ದೊಡ್ಡೋರು ಬೈತಾರೆ, ಗೊಂಚಲನ್ನ ಉಗುರಲ್ಲಿ ಚಿವುಟಬೇಕು, ಕಾಯಿ ಕಟ್ಟಿರೋ ಗೊಂಚಲು ಬಿಟ್ಟು ಮುಂದಕ್ಕೆ ಹೋಗ್ಬೇಕು. ತಂಗಡಿನ ಆಡೂ ಬಾಯಿ ಹಾಕಲ್ಲ, ಬುಡಕ್ಕೆ ಕಡಿದ್ರೂ ಮತ್ತೆ ಚಿಗುರುತ್ತೆ, ನಾವ್ ನಾಕ್ ಬುಟ್ಟಿ ಹೂ ತಂದ್ರೆ ಅದಕ್ಕೇನೂ ಆಗಲ್ಲ. ನಾವು ಹೋಗ್ತಿದ್ದ ಒಂದ್ ದಿಬ್ಬದಲ್ಲಿ ಈಗ ಒಂದು ಗಿಡನೂ ಇಲ್ಲ. ಹೂ ಕಿತ್ತಿದ್ದಕ್ಕಲ್ಲ ಮತ್ತೆ, ಜೆಸಿಬಿ ತಂದು ಸೈಟ್ ಮಾಡಿದ್ರು.

ಕೋಟೆ_ಕಲ್ಲು (ಚಿತ್ರದುರ್ಗ):
ಮೇಲಿನ ತಂಗಿ ಹೇಳಿದ್ದು ತಂಗಡಿಗೆ ಸರಿ, ಎಲ್ಲದಕ್ಕೂ ಅಲ್ಲ. ಕುರಿಂಜಿ 12 ವರ್ಷಕ್ಕೆ ಒಂದೇ ಸಲ ಹೂ ಬಿಟ್ಟು ಬೀಜ ಉದುರಿಸಿ ಒಣಗೋಗುತ್ತೆ, ಹೂ ಕಿತ್ರೆ ಆ ಗಿಡದ ಬಾಳೇ ದಂಡ.

ಇನ್ನೊಂದು, ಜನ ಹೂ ನೋಡ್ತಾರೆ ಬೇರು ನೋಡಲ್ಲ. ಜೋಗಿಮಟ್ಟಿ ಕಡೆ ಗೌರಿ ಹಬ್ಬದ ಹೊತ್ತಿಗೆ ಗೌರಿ ಹೂ ಅರಳುತ್ತಲ್ಲ, ಅಗ್ನಿಶಿಖೆ ಅಂತಾರೆ, ಬುಡ ಹಳದಿ ತುದಿ ಕೆಂಪು, ಎಸಳು ಮೇಲಕ್ಕೆ ತಿರುಗಿರುತ್ತೆ, ಎಲೆ ತುದಿನೇ ಸುರುಳಿಯಾಗಿ ಪಕ್ಕದ ಕಾರೆ ಮುಳ್ಳನ್ನ ಹಿಡ್ಕೊಂಡಿರುತ್ತೆ. ಹೋದ ವರ್ಷ ಹೂ ಎಲ್ಲ ಹಂಗೇ ನೆಲದ ಮೇಲೆ ಬಾಡಿ ಬಿದ್ದಿತ್ತು, ಪಕ್ಕದಲ್ಲಿ ಮೊಳಕೈ ಆಳ ಗುಂಡಿ. ಕವೆಗೋಲಿನ ಥರ ಇರೋ ಗಡ್ಡೆನ ಅಗೆದು ಒಯ್ದಿದ್ರು. ಔಷಧಿಗೆ ಅಂತೆ. ಅದರಲ್ಲಿರೋ ಕಾಲ್ಚಿಸಿನ್ ಮದ್ದೂ ಹೌದು, ತಿಂದ್ರೆ ಸಾಯೋ ವಿಷನೂ ಹೌದು. ಹೂ ಕಿತ್ತೋಳಿಗೆ ಬೈಯೋರು ಗಡ್ಡೆ ಅಗೆಯೋನಿಗೆ ನಾಟಿ ವೈದ್ಯ ಅಂತ ಕೈ ಮುಗೀತಾರೆ, ಏನ್ ಹೇಳ್ತೀರ.

ಮಂಡಕ್ಕಿ_ಮಿರ್ಚಿ:
ಎಲ್ರಿಗೂ ಥ್ಯಾಂಕ್ಸ್ ರೀ. ಅವ್ವಂಗೆ ಓದಿ ಹೇಳ್ದೆ, ಹೊಲದ ಬದಿಂದ ಆಚೆ ಕಾಲಿಡಬ್ಯಾಡ ಅಂದ್ಲು. ಗ್ರೂಪಲ್ಲೂ ಹಾಕ್ದೆ, ಇದು ಇಂಗ್ಲೆಂಡ್ ಕಾನೂನು ಅಂತ. ಚಿಕ್ಕಪ್ಪ ಹೆಬ್ಬೆಟ್ಟು ಒತ್ತಿ, ಹಂಗಾದ್ರೆ ನಮಗೂ ಎರಡ್ ಕಟ್ಟು ಅಣ್ಣೆ ಹೂ ತಾ ಅಂದ್ರು.