ಸಹಾಯ ಬೇಕು: ಜಿಮ್ ಟ್ರೈನರ್ ಸರ್ಟಿಫಿಕೇಟ್ ಎಲ್ಲಿ ಮಾಡಿಸೋದು?

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ದಾವಣಗೆರೆಯಲ್ಲಿ ಜಿಮ್ ಟ್ರೈನರ್. ಗರಡಿ ಮನೆಯಲ್ಲಿ ಸಾಮು ಮಾಡಿ ಬೆಳೆದವನು, ಕೆಲಸ ಮಾಡುತ್ತಲೇ ಎಲ್ಲ ಕಲಿತ. ಕೈಯಲ್ಲಿ ಕಾಗದ ಮಾತ್ರ ಇಲ್ಲ. ಬೆಂಗಳೂರಿನ ದೊಡ್ಡ ಜಿಮ್‌ಗಳಲ್ಲಿ ಮೊದಲು ಕೇಳುವುದೇ ಅದನ್ನು.

ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಆರ್‌ಪಿಎಲ್ (ಮೊದಲೇ ಕಲಿತದ್ದಕ್ಕೆ ಮಾನ್ಯತೆ) ಅಂತ ಒಂದು ದಾರಿ ಇದೆ. ಕೆಲಸ ಬಲ್ಲವರು ಪೂರ್ತಿ ಕೋರ್ಸ್ ಮಾಡಬೇಕಿಲ್ಲ. ಸ್ವಲ್ಪ ತರಬೇತಿ, ಆಮೇಲೆ ಪರೀಕ್ಷೆ, ಪಾಸಾದರೆ ಸರ್ಟಿಫಿಕೇಟ್. ಫಿಟ್‌ನೆಸ್ ಟ್ರೈನರ್‌ಗೆ ಏನೇನು ಗೊತ್ತಿರಬೇಕು ಅಂತ ಗೊತ್ತುಮಾಡುವುದು ಎಸ್‌ಪಿಇಎಫ್‌ಎಲ್-ಎಸ್‌ಸಿ ಅನ್ನುವ, ಕ್ರೀಡೆ, ಫಿಟ್‌ನೆಸ್ ಕ್ಷೇತ್ರದ ಕೌಶಲ ಮಂಡಳಿ. ದಾವಣಗೆರೆ, ಹುಬ್ಬಳ್ಳಿ ಕಡೆ ಈಗ ಆರ್‌ಪಿಎಲ್ ಕೇಂದ್ರ ನಡೆಯುತ್ತಿದೆಯಾ? ಪರೀಕ್ಷೆ ಕನ್ನಡದಲ್ಲಿ ಬರೆಯಬಹುದಾ? ಅವನಿಗೆ ಸ್ಕ್ವಾಟ್ ತಪ್ಪು ತಿದ್ದುವುದು ನೀರು ಕುಡಿದಷ್ಟು ಸುಲಭ, ಇಂಗ್ಲಿಷ್ ಪ್ರಶ್ನೆ ಕಂಡರೆ ಭಯ.

ಪಟಿಯಾಲದ ಎನ್‌ಐಎಸ್‌ನ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) 6 ವಾರದ ಕೋರ್ಸ್ ಮಾಡಿಸಿ ಅಂತ ಕೆಲವರು ಹೇಳಿದರು. ಅದು ಯಾವುದಾದರೂ ಒಂದು ಆಟದ ಕೋಚಿಂಗ್‌ಗೆ ಅಲ್ವಾ? ಕಬಡ್ಡಿ, ವಾಲಿಬಾಲ್ ಕಲಿಸುವವರಿಗೆ ಸರಿ. ಇವನಿಗೆ ಜಾಸ್ತಿ ಉಪಯೋಗ ಇಲ್ಲ ಅನಿಸುತ್ತದೆ.

ಒಂದು ಖಾಸಗಿ ಕಡೆಯೂ ವಿಚಾರಿಸಿದೆವು. "ಕೆಲಸ ಗ್ಯಾರಂಟಿ" ಅಂದರು. ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತಿ ಮಾಡುವ ತುರ್ತು ಚಿಕಿತ್ಸೆ) ಕಲಿಸುತ್ತೀರಾ ಅಂದರೆ "ಆಮೇಲೆ ನೋಡೋಣ". ನಿಮಿಷಕ್ಕೆ 100ರಿಂದ 120 ಸಲ ಎದೆ ಒತ್ತುವುದನ್ನು ಗೊಂಬೆಯ ಮೇಲೆ ಮಾಡಿಸದ ಕೋರ್ಸ್‌ಗೆ ಸುಮ್ನೆ ದುಡ್ಡು ಯಾಕೆ ಸುರಿಯಬೇಕು?

ಆರ್‌ಪಿಎಲ್ ಮಾಡಿದವರು ಯಾವ ಕೇಂದ್ರ, ಏನೇನು ದಾಖಲೆ ಕೇಳಿದರು, ಆಮೇಲೆ ಸಂಬಳ ಏರಿತಾ ಅಂತ ಇಲ್ಲೇ ತಿಳಿಸಿ. ಅವನು ಪಿಯುಸಿ ಪಾಸ್. ಬೆಳಗ್ಗೆ, ಸಂಜೆ ಜಿಮ್ ಬಿಡುವ ಹಾಗಿಲ್ಲ, ಮಧ್ಯಾಹ್ನದ ಕ್ಲಾಸ್ ಆದರೆ ಒಳ್ಳೆಯದು.