ತುಂಬು ಬಾಳು ಅಂದರೆ ಯಾರ ಲೆಕ್ಕದಲ್ಲಿ?

ಮತ್ತಿಕೆರೆ ಮಗ:
ಅಪ್ಪ ತೀರಿಕೊಂಡು ಒಂದೂವರೆ ತಿಂಗಳಾಯಿತು. ಜಾಲಹಳ್ಳಿಯ ಎಚ್.ಎಂ.ಟಿ. ವಾಚ್ ಕಾರ್ಖಾನೆಯಲ್ಲಿದ್ದವರು. ಕೆಲಸ ಮುಗಿಸಿ ಬಂದು ಸಂಜೆ ಹೊತ್ತು ಜಗಲಿಯಲ್ಲಿ ಕೂತು ಬೀದಿಯವರ ವಾಚ್ ರಿಪೇರಿ ಮಾಡಿಕೊಡುತ್ತಿದ್ದರು. ಭಾನುವಾರ ಇಡೀ ದಿನ ಅದೇ. ಒಂದು ಪೈಸೆ ತಗೊಂಡವರಲ್ಲ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೂದಲಿನಷ್ಟು ಸಣ್ಣ ಸ್ಪ್ರಿಂಗನ್ನು ಚಿಮುಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಕೂರಿಸುತ್ತಿದ್ದರು. ವಾಚ್ ನಡೆಯಲು ಶುರುವಾದ ಮೇಲೆ ಮೊದಲು ತಮ್ಮ ಕಿವಿಗಿಟ್ಟುಕೊಂಡು, ಆಮೇಲೆ ನಮ್ಮ ಕಿವಿಗಿಡುತ್ತಿದ್ದರು. ಅಮ್ಮ ಒಳಗೆ ಊದುಬತ್ತಿ ಹೊಸೆಯುತ್ತಿದ್ದರು, ನಾವು ಅಲ್ಲೇ ಹೋಂವರ್ಕ್ ಮಾಡುತ್ತಿದ್ದೆವು.

ಹದಿಮೂರನೇ ದಿನದ ಊಟಕ್ಕೆ ನಮಗೆ ಗುರುತೇ ಇಲ್ಲದ ಎಷ್ಟೋ ಜನ ಬಂದರು. ಒಬ್ಬ ಅಜ್ಜ ಮಾತೇ ಆಡಲಿಲ್ಲ. ಸುಮ್ನೆ ಕೈ ಚಾಚಿ ತಮ್ಮ ಹಳೇ ಜನತಾ ವಾಚ್ ತೋರಿಸಿದರು. ಇನ್ನೂ ನಡೀತಿತ್ತು.

ನನಗೆ 43. ಬೆಳ್ಳಂದೂರಿನಲ್ಲಿ ಫ್ಲ್ಯಾಟ್, ಔಟರ್ ರಿಂಗ್ ರೋಡಿನಲ್ಲಿ ಕೆಲಸ, ಸಾಲ ಇನ್ನೆರಡು ವರ್ಷಕ್ಕೆ ತೀರುತ್ತದೆ. ನಾಳೆ ನಾನು ಹೋದರೆ ಹಾಗೆ ಕೈ ಚಾಚುವವರು ಯಾರೂ ಇಲ್ಲ. ತುಂಬು ಬಾಳು ಅಂದರೆ ಅಪ್ಪನದು ಅಂತ ಅನ್ನಿಸುತ್ತಿದೆ. ನೀವೇನಂತೀರಿ?

ಬಸವನಗುಡಿ ಮೇಷ್ಟ್ರು:
ನಿಮ್ಮ ತಂದೆಯವರಿಗೆ ನಮಸ್ಕಾರ. ನಾನು ನ್ಯಾಷನಲ್ ಕಾಲೇಜಿನಲ್ಲಿ ಓದಿದವನು. ಎಚ್. ನರಸಿಂಹಯ್ಯನವರು, ನಮ್ಮ ಎಚ್ಚೆನ್, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದವರು. ಆದರೂ ಬದುಕಿದ್ದು ಕಾಲೇಜಿನ ಹಾಸ್ಟೆಲ್ಲಿನ ಒಂದು ಕೋಣೆಯಲ್ಲಿ. ಖಾದಿ ಬಟ್ಟೆ, ಸುತ್ತ ಹುಡುಗರು, ಅಷ್ಟೇ. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು, ಯಾರು ಬೇಕಾದರೂ ಬಂದು ವಿಜ್ಞಾನದ ಉಪನ್ಯಾಸ ಕೇಳಬಹುದಿತ್ತು. ಅಲ್ಲಿಂದ ಸ್ವಲ್ಪ ದೂರದಲ್ಲಿ ಡಿ.ವಿ.ಜಿ.ಯವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಇದೆ. 1970ರಲ್ಲಿ ಜನ ಸನ್ಮಾನ ಮಾಡಿ ಕೊಟ್ಟ ನಿಧಿಯನ್ನು ಅವರು ಪೂರ್ತಿ ಆ ಸಂಸ್ಥೆಗೇ ಕೊಟ್ಟುಬಿಟ್ಟರು. ತನಗೆ ಬೇಕಾದ್ದು ಕಡಿಮೆ, ಕೊಡುವುದು ಜಾಸ್ತಿ. ನಾನು ಕಂಡ ಸಾರ್ಥಕ ಬದುಕೆಲ್ಲ ಹೀಗೇ ಇತ್ತು.

ಪೀಣ್ಯ ಪಾಳಿ:
ಮೇಷ್ಟ್ರೇ, ದೊಡ್ಡವರ ವಿಷಯ ಒಪ್ಪಿದೆ. ನಾನು ಪೀಣ್ಯದಲ್ಲಿ ಲೇತ್ ಆಪರೇಟರ್. ಒಂದು ವಾರ ಹಗಲು, ಒಂದು ವಾರ ರಾತ್ರಿ. ಬಾಡಿಗೆ, ಇಬ್ಬರು ಮಕ್ಕಳ ಫೀಸು, ಊರಲ್ಲಿ ಅವ್ವನ ಔಷಧಿ. ತಿಂಗಳ 20ಕ್ಕೆ ಕೈ ಖಾಲಿ. ಸಾರ್ಥಕ ಅನ್ನೋ ಪ್ರಶ್ನೆ ಹೊಟ್ಟೆ ತುಂಬಿದವರಿಗೆ ಬರುತ್ತೆ. ಬಾಡಿಗೆ ಕಟ್ಟಿ ಮಲಗಿದ ರಾತ್ರಿ ನನಗೆ ನಿದ್ದೆ ಚೆನ್ನಾಗಿ ಬರುತ್ತೆ. ಸದ್ಯಕ್ಕೆ ನನ್ನ ತುಂಬು ಬಾಳು ಅಷ್ಟೇ.

ಬಸವನಗುಡಿ ಮೇಷ್ಟ್ರು:
ಹಾಗನ್ನಬೇಡಿ ತಮ್ಮಾ. ಸಾಲುಮರದ ತಿಮ್ಮಕ್ಕ ಕೂಲಿ ಮಾಡುತ್ತಿದ್ದವರು. ಗಂಡ ಹೆಂಡತಿ ಸೇರಿ ಹುಲಿಕಲ್ಲಿನಿಂದ ಕುದೂರಿನವರೆಗೆ 385 ಆಲದ ಮರ ಬೆಳೆಸಿದರು. ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದರು. ಬಡತನ ಅಡ್ಡಿ ಬರಲಿಲ್ಲವಲ್ಲ.

ಪೀಣ್ಯ ಪಾಳಿ:
ತಿಮ್ಮಕ್ಕನಿಗೆ ಕೈ ಮುಗೀತೀನಿ. ಆದರೆ ಅವರ ಹೆಸರು ಹೇಳಿ ನಮ್ಮ ತಲೆ ಮೇಲೆ ಇನ್ನೊಂದು ಮೂಟೆ ಇಡಬೇಡಿ ಮೇಷ್ಟ್ರೇ. ಎಂಟು ಗಂಟೆ ಮಿಷನ್ ಮುಂದೆ ನಿಂತವನಿಗೆ ‘ನೀನು ಊರಿಗೆ ಏನು ಮಾಡಿದೆ’ ಅಂತ ಕೇಳಿದರೆ ನೋವಾಗುತ್ತೆ. ನಾನು ತಿರುವಿದ ಶಾಫ್ಟು ಯಾವುದೋ ಪಂಪಿನಲ್ಲಿ ತಿರುಗುತ್ತಿರುತ್ತೆ, ಯಾರ ಗದ್ದೆಗೋ ನೀರು ಹೋಗುತ್ತಿರುತ್ತೆ. ಅದೂ ಲೆಕ್ಕಕ್ಕೆ ಬರಬೇಕಲ್ವಾ?

ಬಸವನಗುಡಿ ಮೇಷ್ಟ್ರು:
ಬರಬೇಕು. ನಾನು ಆ ಕಡೆಯಿಂದ ಯೋಚಿಸಿರಲಿಲ್ಲ.

ರಾತ್ರಿ ಪಾಳಿ ನರ್ಸ್:
ಲೇತ್ ಅಣ್ಣನ ಮಾತಿಗೆ ನನ್ನದೊಂದು ಸೇರಿಸುತ್ತೇನೆ. ಕ್ಯಾನ್ಸರ್ ಕೊನೇ ಹಂತದವರನ್ನು ನೋಡಿಕೊಳ್ಳುವ ಕಡೆ ಒಂಬತ್ತು ವರ್ಷದಿಂದ ಇದ್ದೇನೆ. ಸಾಯೋವಾಗ ಯಾರೂ ಕೆಲಸದ ಬಗ್ಗೆ ಮಾತಾಡಲ್ಲ ಅಂತ ಜನ ಹೇಳುತ್ತಾರೆ. ನಾನು ನೋಡಿದ್ದು ಹಾಗಿಲ್ಲ. ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವು ಮಾರುತ್ತಿದ್ದ ಒಬ್ಬ ಅಮ್ಮ ಇದ್ದರು. ಕೊನೆಯ ವಾರ ಪೂರ್ತಿ ಅವರ ಬೆರಳು ಬೆಡ್‌ಶೀಟಿನ ಅಂಚು ಹಿಡಿದು ಹೂವು ಕಟ್ಟುತ್ತಲೇ ಇತ್ತು. ಎರಡು ಸುತ್ತು, ಒಂದು ಗಂಟು, ಮತ್ತೆ ಎರಡು ಸುತ್ತು. ನಡುವೆ ಕಣ್ಣು ಬಿಟ್ಟು ‘ಮೊಳ ಸರಿಯಿದೆಯಾ’ ಅಂತ ಕೇಳುತ್ತಿದ್ದರು. ಸರಿಯಿದೆ ಅಮ್ಮಾ ಅಂದರೆ ಮುಖ ಸಡಿಲವಾಗುತ್ತಿತ್ತು. ಅವರ ಬಾಳು ತುಂಬಿತ್ತೋ ಇಲ್ಲವೋ ಹೇಳುವುದಕ್ಕೆ ನಾನ್ಯಾರು? ಆದರೆ ಮೊಳದಲ್ಲಿ ಯಾರಿಗೂ ಮೋಸ ಮಾಡಿಲ್ಲ ಅನ್ನೋದು ಅವರಿಗೆ ಮುಖ್ಯವಾಗಿತ್ತು.

ಅಂಕಿ ಪ್ರಿಯ:
ಇದರ ಬಗ್ಗೆ ದೊಡ್ಡ ಅಧ್ಯಯನವೇ ನಡೆದಿದೆ. ಹಾರ್ವರ್ಡಿನವರು 1938ರಲ್ಲಿ ಶುರು ಮಾಡಿದ್ದು. 724 ಜನರನ್ನು ಚಿಕ್ಕ ವಯಸ್ಸಿನಿಂದ ಮುಪ್ಪಿನವರೆಗೆ ನೋಡುತ್ತಾ ಬಂದರು. ಕೆಲವರು ಹಾರ್ವರ್ಡ್ ವಿದ್ಯಾರ್ಥಿಗಳು, ಉಳಿದವರು ಬೋಸ್ಟನ್ನಿನ ಬಡ ಬೀದಿಗಳ ಹುಡುಗರು. ಮನೆಯವರ ಜೊತೆ, ಸ್ನೇಹಿತರ ಜೊತೆ ಚೆನ್ನಾಗಿ ಇದ್ದವರೇ ವಯಸ್ಸಾದ ಮೇಲೂ ಆರೋಗ್ಯವಾಗಿ, ಖುಷಿಯಾಗಿ ಇದ್ದದ್ದು. ದುಡ್ಡು, ಹೆಸರು ಅಷ್ಟು ಲೆಕ್ಕಕ್ಕೆ ಬರಲಿಲ್ಲ. ಮತ್ತಿಕೆರೆ ಅವರ ಅಪ್ಪನದೂ ಇದೇ ಅಲ್ವಾ?

ಹೊಂಗೆ ನೆರಳು:
ಆ 724 ಜನರೂ ಗಂಡಸರೇ. ಹೆಂಡತಿಯರನ್ನು ಸೇರಿಸಿಕೊಂಡಿದ್ದು ಎಷ್ಟೋ ವರ್ಷ ಆದ ಮೇಲೆ. ಇಲ್ಲೂ ಹಾಗೇ ಆಗುತ್ತಿದೆ ಅಂತ ಇಷ್ಟು ಹೊತ್ತಿಂದ ಅನ್ನಿಸುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮತ್ತಿಕೆರೆ ಅವರೇ, ನಿಮ್ಮ ತಂದೆಯವರ ಬಗ್ಗೆ ಗೌರವ ಇಟ್ಟುಕೊಂಡೇ ಕೇಳುತ್ತೇನೆ. ಅಮ್ಮ ಒಳಗೆ ಊದುಬತ್ತಿ ಹೊಸೆಯುತ್ತಿದ್ದರು ಅಂತ ಒಂದು ಸಾಲಿನಲ್ಲಿ ಬರೆದು ಮುಂದೆ ಹೋದಿರಿ. ನಾನು ಆ ಸಾಲಲ್ಲೇ ನಿಂತುಬಿಟ್ಟೆ. ನಮ್ಮ ಅಜ್ಜಿಯೂ ಅದೇ ಕೆಲಸ ಮಾಡಿದವರು. ಚಕ್ಕಂಬಕ್ಕಳ ಹಾಕಿ ಮಣೆ ಮುಂದೆ ಕೂತರೆ ಮಧ್ಯಾಹ್ನದವರೆಗೆ ಏಳುವಂತಿಲ್ಲ. ಬಿದಿರು ಕಡ್ಡಿಗೆ ಕಪ್ಪು ಮಸಾಲೆ ಹಚ್ಚಿ ಅಂಗೈಯಲ್ಲಿ ಉರುಳಿಸಬೇಕು. ಸಾವಿರ ಕಡ್ಡಿಗೆ ಇಷ್ಟು ಅಂತ ಕೂಲಿ. ತೆಳುವಾದರೆ, ಮುರಿದರೆ ಲೆಕ್ಕಕ್ಕಿಲ್ಲ. ಕೈ ಕರಿ ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ, ಮದುವೆ ಮನೆಗೆ ಹೋದರೆ ಅಜ್ಜಿ ಸೆರಗಿನಲ್ಲಿ ಕೈ ಮುಚ್ಚಿಕೊಳ್ಳುತ್ತಿದ್ದರು.

ಭಾನುವಾರ ಅಪ್ಪ ಪೈಸೆ ತಗೊಳ್ಳದೆ ವಾಚ್ ಸರಿ ಮಾಡಿಕೊಟ್ಟರಲ್ಲ, ಅವತ್ತು ಮನೆಗೆ ಬರಬೇಕಾದ ದುಡ್ಡು ತಂದವರು ಯಾರು? ಹದಿಮೂರನೇ ದಿನ ಬಂದವರಲ್ಲಿ ಒಬ್ಬರಾದರೂ ಒಳಗೆ ಹೋಗಿ ಅಮ್ಮನಿಗೆ ಥ್ಯಾಂಕ್ಸ್ ಹೇಳಿದರಾ?

ಎಚ್ಚೆನ್ ಮದುವೆ ಆಗಲಿಲ್ಲ. ಕಡಿಮೆಯಲ್ಲಿ ಬದುಕುತ್ತೇನೆ ಅಂತ ಅವರು ತೀರ್ಮಾನ ಮಾಡಿದಾಗ ಅದರ ಬೆಲೆ ಅವರೇ ಕೊಟ್ಟರು. ಅದಕ್ಕೇ ನನಗೆ ಅವರ ಮೇಲೆ ಅಷ್ಟು ಗೌರವ. ಸಂಸಾರಸ್ಥರ ಉದಾರತನಕ್ಕೆ ಮಾತ್ರ ಇನ್ನೊಬ್ಬರ ಬೆನ್ನು ನೋವು ಸೇರಿರುತ್ತೆ. ಸೇರಿರಬಾರದು ಅಂತಲ್ಲ. ಅದನ್ನೂ ಎಣಿಸಿ ಅಂತ ಹೇಳುತ್ತಿದ್ದೇನೆ.

ಅಂಕಿ ಪ್ರಿಯ:
ಇದು ಸ್ವಲ್ಪ ಖಾರ ಆಯ್ತು ಮೇಡಂ. ಅವರು ಇನ್ನೂ ದುಃಖದಲ್ಲಿದ್ದಾರೆ.

ಮತ್ತಿಕೆರೆ ಮಗ:
ಪರವಾಗಿಲ್ಲ. ಓದಿದ ತಕ್ಷಣ ಕೋಪ ಬಂತು ನಿಜ. ಆಮೇಲೆ ಒಂದು ವಿಷಯ ನೆನಪಾಯಿತು. ವಾಚಿಗೆ ಹಾಕುವ ಸಾಮಾನು ಅಪ್ಪ ಕೈಯಿಂದ ದುಡ್ಡು ಹಾಕಿ ತರುತ್ತಿದ್ದರು. ಅದಕ್ಕೆ ಅಮ್ಮನ ಡಬ್ಬಿಯಿಂದ ಚಿಲ್ಲರೆ ತಂದುಕೊಡುತ್ತಿದ್ದವನು ನಾನೇ.

ಪೀಣ್ಯ ಪಾಳಿ:
ನನ್ನ ಹೆಂಡತಿ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಬಾಡಿಗೆ ಕಟ್ಟಿ ನಿದ್ದೆ ಬರುತ್ತೆ ಅಂತ ಮೇಲೆ ಬರೆದೆನಲ್ಲ, ಆ ಬಾಡಿಗೆಯಲ್ಲಿ ಅರ್ಧ ಅವಳದು. ಬರೆಯುವಾಗ ಹೊಳೆಯಲಿಲ್ಲ.

ರಾತ್ರಿ ಪಾಳಿ ನರ್ಸ್:
ಮತ್ತಿಕೆರೆ ಅಣ್ಣ, ಅಮ್ಮ ಇದ್ದಾರಲ್ಲ. ನಮ್ಮನ್ನು ಕೇಳುವ ಬದಲು ಅವರನ್ನೇ ಕೇಳಿ. ತಡ ಮಾಡಬೇಡಿ.

ಮತ್ತಿಕೆರೆ ಮಗ:
ಭಾನುವಾರ ಹೋಗಿದ್ದೆ. ಕಾಫಿ ಕುಡಿಯುವಾಗ ಕೇಳಿದೆ. ಅಮ್ಮ ಸ್ವಲ್ಪ ಹೊತ್ತು ಲೋಟ ತಿರುಗಿಸುತ್ತಾ ಕೂತರು. ಆಮೇಲೆ ಹೇಳಿದರು: ‘ಅವರು ವಾಚ್ ಕಿವಿಗಿಟ್ಟುಕೊಂಡಾಗ ಮುಖ ಅರಳುತ್ತಿತ್ತಲ್ಲ, ಅದನ್ನ ಬಾಗಿಲ ಸಂದಿಯಿಂದ ನೋಡೋದು ನನಗೂ ಇಷ್ಟವೇ. ಆದ್ರೆ ಒಂದಿನ ಒಳಗೆ ಬಂದು ನನ್ನ ಪಕ್ಕ ಕೂತು ನಾಕು ಕಡ್ಡಿ ಹೊಸೀಲಿಲ್ಲ. ಅದು ಮಾತ್ರ ಹೋಗಿಲ್ಲ ಮನಸ್ಸಿಂದ.’

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ನಿನಗೇನು ಬೇಕು ಅಂತ ಕೇಳಿದೆ. ಕಾಶಿಗೋ ತಿರುಪತಿಗೋ ಅನ್ನುತ್ತಾರೆ ಅಂದುಕೊಂಡಿದ್ದೆ. ಮೆಟ್ರೋ ಕಾರ್ಡ್ ಮಾಡಿಸಿಕೊಡು ಅಂದರು. ಯಶವಂತಪುರದಲ್ಲಿ ಹತ್ತಿ ಲಾಲ್‌ಬಾಗಿಗೆ ಒಬ್ಬರೇ ಹೋಗಿ, ಬಂಡೆ ಮೇಲೆ ಕೂತು ಬರಬೇಕಂತೆ. ಮದುವೆಯಾದ ಹೊಸದರಲ್ಲಿ ಒಮ್ಮೆ ಹೋಗಿದ್ದರಂತೆ, ಅವತ್ತು ಬಂಡೆ ಹತ್ತಲು ಹೊತ್ತಿರಲಿಲ್ಲವಂತೆ.

ಕಾರ್ಡ್ ಆಗಿದೆ. ನಾಳೆ ಬೆಳಗ್ಗೆ ಹೊರಡುತ್ತಾರೆ. ನಾನೂ ಬರಲಾ ಅಂದೆ, ಬೇಡ ಅಂದರು.

ಬಸವನಗುಡಿ ಮೇಷ್ಟ್ರು:
ಎಲ್ಲೂ ರೈಲು ಬದಲಿಸಬೇಕಿಲ್ಲ, ಹಸಿರು ಮಾರ್ಗ ನೇರ ಹೋಗುತ್ತದೆ. ಲಾಲ್‌ಬಾಗ್ ನಿಲ್ದಾಣದಲ್ಲೇ ಇಳಿಯಲಿ, ಪಶ್ಚಿಮದ ಗೇಟು ಹತ್ತಿರ. ಬಂಡೆ ಬೆಳಗ್ಗೆ ತಂಪಾಗಿರುತ್ತದೆ, ಬಿಸಿಲೇರುವ ಮುಂಚೆ ಹತ್ತಲು ಹೇಳಿ.

ಹೊಂಗೆ ನೆರಳು:
ಕುಡಿಯೋ ನೀರು ಕೊಟ್ಟು ಕಳಿಸಿ. ಹೋಗಿಬಂದ ಮೇಲೆ ಅವರು ಏನು ಹೇಳಿದರು ಅಂತ ಬರೆಯಿರಿ, ಕಾಯುತ್ತಿರುತ್ತೇನೆ.